ಪ್ರೀತಮ್ ತ್ಯಾಗ ಮಾಡಿದ, ಸರಿ. ನಂದಿನಿಯನ್ನು ಯಾರಾದ್ರೂ ಕೇಳಿದ್ರಾ?

ಹೂಮಳೆ (ಸೋಮವಾರಪೇಟೆ)

'ಮುಂಗಾರು ಮಳೆ'ಯನ್ನು ಎಲ್ಲರೂ ತ್ಯಾಗದ ಕಥೆ ಅನ್ನುತ್ತಾರೆ. 2006ರ ಡಿಸೆಂಬರ್ ಕೊನೆಗೆ ಬಂತು, ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷ ದಾಟಿ ಓಡಿತು. ಮಡಿಕೇರಿ ಹೆಸರು ಮನೆಮನೆಗೂ ಹೋಯಿತು. ಅದೆಲ್ಲ ಖುಷಿಯೇ. ಆದರೆ ಪಾತ್ರಗಳನ್ನು ಬಿಡಿಸಿ ನೋಡಿದರೆ ನನಗೆ ಒಂದು ತಕರಾರು ಇದೆ.

ಪ್ರೀತಮ್ ಮಡಿಕೇರಿಗೆ ಬರುತ್ತಾನೆ. ನಂದಿನಿಗೆ ಆಗಲೇ ಮದುವೆ ಗೊತ್ತಾಗಿದೆ. ಮಳೆ, ಮಾತು, ತಮಾಷೆ, ಒಂದು ಮೊಲ. ನಿಧಾನಕ್ಕೆ ಅವಳಿಗೂ ಮನಸ್ಸಾಗುತ್ತದೆ. ಆಮೇಲೆ ಬೆಳಗಿನ ಜಾಗಿಂಗ್ ಹೊತ್ತಿನಲ್ಲಿ ಅವಳ ಅಪ್ಪ ಕರ್ನಲ್ ಸುಬ್ಬಯ್ಯ ತಮಗೆ ಹೃದಯದ ಕಾಯಿಲೆ ಇರುವುದನ್ನು ಪ್ರೀತಮ್‌ಗೆ ಹೇಳುತ್ತಾರೆ. ಮಗಳ ಮದುವೆ ಆದಷ್ಟು ಬೇಗ ಆಗಿಬಿಡಲಿ ಅನ್ನುವುದು ಅವರ ಆಸೆ. ಹುಡುಗ ಕರಗಿಬಿಡುತ್ತಾನೆ, ಹಿಂದೆ ಸರಿಯುತ್ತಾನೆ.

ಇಲ್ಲಿ ನೋಡಿ. ಇಬ್ಬರು ಗಂಡಸರ ನಡುವಿನ ಒಂದು ಮಾತುಕತೆಯಲ್ಲಿ ಮೂರನೆಯವಳ ಬದುಕು ತೀರ್ಮಾನ ಆಯಿತು. ಕಾಯಿಲೆ ಅವಳ ಅಪ್ಪನದು, ಮದುವೆ ಅವಳದು, ಮನಸ್ಸೂ ಅವಳದು. ಅವಳಿಗೆ ಮಾತ್ರ ಏನೂ ಹೇಳುವುದಿಲ್ಲ. ನಾವು ಟವೆಲ್ ಹಿಡಿದು ಅತ್ತಿದ್ದು ಪ್ರೀತಮ್‌ಗಾಗಿ. ಅವಳು ಮಂಟಪದಲ್ಲಿ ಏನು ಯೋಚನೆ ಮಾಡುತ್ತಿದ್ದಳು ಅಂತ ಯಾರೂ ಕೇಳಲಿಲ್ಲ.

ಇದಕ್ಕೂ ಮೂರು ದಶಕಕ್ಕಿಂತ ಹಿಂದೆ, 1970ರ ದಶಕದ ಶುರುವಿನಲ್ಲಿ, 'ಶರಪಂಜರ' ಬಂದಿತ್ತು. ಅದರಲ್ಲೂ ಕೊಡಗು ಇದೆ, ನಾಯಕಿಯ ಹೆಸರೇ ಕಾವೇರಿ. ಆ ಸಿನಿಮಾ ಇದೇ ಪ್ರಶ್ನೆಯನ್ನು ಎಷ್ಟು ಧೈರ್ಯವಾಗಿ ಕೇಳಿತ್ತು! ಮತ್ತೆ ನಾವು ಯಾಕೆ ಹಿಂದೆ ಬಂದೆವು? ನಿಮ್ಮ ಅಭಿಪ್ರಾಯ ಹೇಳಿ.

ಕಾಡುಮಾವು (ವಿರಾಜಪೇಟೆ, ಈಗ ಬೆಂಗಳೂರು)

ಅಕ್ಕಾ, ಪ್ರೀತಮ್ ಪರವಾಗಿ ಒಂದು ಮಾತು. ಆ ಹುಡುಗ ಸಿನಿಮಾ ಪೂರ್ತಿ ಬಾಯಿಬಡುಕ. ಕಂಡಿದ್ದಕ್ಕೆಲ್ಲ ಮಾತು, ಮೊಲದ ಹತ್ತಿರವೂ ಮಾತು. ಅಂಥವನು ಕೊನೆಗೆ ಬಾಯಿ ಮುಚ್ಚಿಕೊಳ್ಳುತ್ತಾನೆ. ಪಾತ್ರದ ಬೆಳವಣಿಗೆ ಇರುವುದೇ ಅಲ್ಲಿ. ಅವನು ನಂದಿನಿಗೆ ಎಲ್ಲ ಹೇಳಿದ್ದರೆ ಅವಳ ತಲೆ ಮೇಲೆ ಅಪ್ಪನ ಜೀವದ ಭಾರ ಬೀಳುತ್ತಿತ್ತು. ಆ ಭಾರ ತಾನೇ ಹೊತ್ತ. ಅದು ಪ್ರೀತಿ ಅಲ್ವಾ?

ಇನ್ನೊಂದು, ಸುಮ್ನೆ ತಮಾಷೆಗೆ: ಮಡಿಕೇರಿಯಲ್ಲಿದ್ದವರು ಹಾಗೇ ಸುತ್ತಾಡುತ್ತಾ ಜೋಗದ ತುದಿಗೆ ಹೋಗಿ ನಿಲ್ಲುತ್ತಾರಲ್ಲ, ಯಾವ ಬಸ್ಸು ಹಿಡಿದರೋ ಗೊತ್ತಾಗಲಿಲ್ಲ.

ಹೂಮಳೆ

ಭಾರ ಹೊತ್ತ, ಒಪ್ಪಿದೆ. ಆದರೆ ಅವಳ ಪಾಲಿನ ಭಾರವನ್ನೂ ಕೇಳದೆ ಹೊತ್ತರೆ ಅದು ದೊಡ್ಡತನ ಎಷ್ಟು, ಅವಳನ್ನು ಮಗು ಅಂದುಕೊಂಡಿದ್ದು ಎಷ್ಟು? ಅಪ್ಪನಿಗೆ ಕಾಯಿಲೆ ಅಂತ ಗೊತ್ತಾಗಿದ್ದರೆ ಮದುವೆ ಗೊತ್ತಾಗಿದ್ದ ಹುಡುಗ ಗೌತಮ್‌ನನ್ನು ಅವಳೇ ಒಪ್ಪುತ್ತಿದ್ದಳೋ ಏನೋ. ಆಗ ಅದು ಅವಳ ತ್ಯಾಗ ಆಗುತ್ತಿತ್ತು. ಸಿನಿಮಾಗೆ ಅದು ಬೇಡವಾಗಿತ್ತು. ತ್ಯಾಗದ ಕಿರೀಟ ಒಂದೇ ತಲೆಗೆ ಸಾಕು ಅನಿಸಿರಬೇಕು.

ಹಟ್ಟಿಹೊಳೆ ಅಮ್ಮ

ಶರಪಂಜರದ ಬಗ್ಗೆ ನಾನು ಬರೆಯುತ್ತೇನೆ. ಮೊದಲು ಕಾದಂಬರಿ ಓದಿದವಳು ನಾನು, ಆಮೇಲೆ ಸಿನಿಮಾ ನೋಡಿದ್ದು.

ಅದನ್ನು ಬರೆದ ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಅದು ಪುಟಪುಟದಲ್ಲೂ ಗೊತ್ತಾಗುತ್ತದೆ. ಹೆರಿಗೆ ಆದ ಮೇಲೆ ಹೆಂಗಸಿಗೆ ಬರುವ ಮನಸ್ಸಿನ ಕಾಯಿಲೆಯನ್ನು ಅವರು ದೆವ್ವ, ಶಾಪ, ಗ್ರಹಚಾರ ಅನ್ನಲಿಲ್ಲ. ಕಾಯಿಲೆ ಅಂದರು. ಆಸ್ಪತ್ರೆಗೆ ಹೋದರೆ ವಾಸಿ ಆಗುತ್ತದೆ ಅಂದರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಈಗಲೂ ಬಾಣಂತಿ ಸುಮ್ಮನೆ ಕೂತು ಅತ್ತರೆ 'ಕಣ್ಣು ಬಿದ್ದಿದೆ' ಅಂತ ಮೆಣಸಿನಕಾಯಿ ಇಳಿಸುವ ಮನೆಗಳು ನಮ್ಮ ಸುತ್ತಲೇ ಇವೆ.

ಆದರೆ ಕಥೆಯ ಜೀವ ಇರುವುದು ವಾಸಿ ಆದ ಮೇಲೆ. ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಆಸ್ಪತ್ರೆಯವರು ನಂಬಿದರು, ಮನೆಯವರು ನಂಬುವುದಿಲ್ಲ. ಜೋರಾಗಿ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಕೋಪ ಬಂದರಂತೂ ಮುಗಿಯಿತು. ಎಲ್ಲರಿಗೂ ಬರುವ ಕೋಪ ಅವಳಿಗೆ ಬಂದರೆ ಮಾತ್ರ ಅದು ಹುಚ್ಚು. ಗಂಡ ಸತೀಶ ದೂರ ಸರಿದು ಇನ್ನೊಬ್ಬಳ ಸಂಗ ಮಾಡುತ್ತಾನೆ. ಮದುವೆಗೆ ಮುಂಚೆ ಅವಳ ಬಾಳಿನಲ್ಲಿ ನಡೆದ ಒಂದು ಘಟನೆ ಅವಳನ್ನು ಜೀವಮಾನ ಪೂರ್ತಿ ಕಾಡಬೇಕು. ಅವನು ಈಗ, ಹೆಂಡತಿ ಮನೆಯಲ್ಲಿರುವಾಗಲೇ ಮಾಡುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗುತ್ತಾಳೆ. ಎರಡನೇ ಸಲ ಅವಳ ತಲೆ ಕೆಡಿಸಿದ್ದು ಹೆರಿಗೆ ಅಲ್ಲ, ಸಂಸಾರ.

ಸಿನಿಮಾದಲ್ಲಿ ಕೊಡಗು ಬರುವುದು ಸುಖದ ದಿನಗಳಲ್ಲಿ. ಮದುವೆ ಆದ ಹೊಸತು, ಹಾಡು, ಹಸಿರು. ಕಷ್ಟ ಶುರುವಾಗುವ ಹೊತ್ತಿಗೆ ನಾವು ಊರಿನ ಮನೆಯ ಗೋಡೆಗಳ ಒಳಗೆ ಇರುತ್ತೇವೆ. ಪುಟ್ಟಣ್ಣ ಕಣಗಾಲ್ ಜಾಗವನ್ನು ಹೀಗೆ ಬಳಸುತ್ತಾರೆ. ಬೆಟ್ಟ ತೋರಿಸಿದರೆ ಅದಕ್ಕೊಂದು ಕೆಲಸ ಇರುತ್ತದೆ. ತ್ರಿವೇಣಿ 1963ರಲ್ಲೇ ತೀರಿಕೊಂಡರು, ಕಲ್ಪನಾ ಮಾಡಿದ ಕಾವೇರಿಯನ್ನು ಅವರು ನೋಡಲಿಲ್ಲ. ಅದೊಂದು ನೋವು ನನಗೆ.

ಪೆನ್ಶನ್_ಹವಾಲ್ದಾರ (ಪೊನ್ನಂಪೇಟೆ)

ಎಲ್ಲ ಓದಿದೆ. ನನ್ನ ತಕರಾರು ಬೇರೆ. ಕರ್ನಲ್ ಸುಬ್ಬಯ್ಯ. ಅನಂತನಾಗ್ ಚೆನ್ನಾಗಿ ಮಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಡಗು ಅಂದ ತಕ್ಷಣ ಒಬ್ಬ ಮಿಲಿಟರಿ ಅಪ್ಪ, ಒಂದು ಕೋವಿ, ಒಂದು ಮೀಸೆ. ಆಯಿತು, ಪಾತ್ರ ತಯಾರ್. ಇಲ್ಲಿ ಯಾರಾದರೂ 'ಸುಬ್ಬಯ್ಯ' ಅಂದರೆ ಮೊದಲ ಪ್ರಶ್ನೆ 'ಯಾವ ಮನೆ?' ಅಂತ. ಮನೆ ಹೆಸರು ಇಲ್ಲದ ಕರ್ನಲ್ ನಮಗೆ ಅರ್ಧ ಮನುಷ್ಯ. ಒಕ್ಕ (ಮನೆತನ) ಇಲ್ಲ, ಐನ್‌ಮನೆ (ಹಿರಿಯರ ಮನೆ) ಇಲ್ಲ, ಅಣ್ಣತಮ್ಮಂದಿರ ಜಗಳ ಇಲ್ಲ.

'ಮುತ್ತಿನ ಹಾರ' ನೋಡಿ. 1990ರದ್ದು, ರಾಜೇಂದ್ರ ಸಿಂಗ್ ಬಾಬು ಅವರದು. ವಿಷ್ಣುವರ್ಧನ್ ಮಾಡಿದ ಅಚ್ಚಪ್ಪನ ಪಾತ್ರಕ್ಕೆ ಊರು ಇದೆ, ಅಪ್ಪ ಇದ್ದಾನೆ, ಹಿಂದೆ ಒಂದು ಬದುಕು ಇದೆ. ಸುಹಾಸಿನಿ ಮಾಡಿದ ಅನ್ನಪೂರ್ಣ ನರ್ಸ್. ಗಾಯ ಆದವರ ನಡುವೆ ಓಡಾಡುವವಳು. ಹೂಮಳೆ ಅವ್ರೇ, ಹೆಂಗಸರಿಗೆ ಕಥೆಯಲ್ಲಿ ಜಾಗ ಇಲ್ಲ ಅನ್ನುವವರು ಅನ್ನಪೂರ್ಣಳನ್ನು ಮರೆಯಬಾರದು.

ಹೂಮಳೆ

ಮರೆತಿಲ್ಲ ಹವಾಲ್ದಾರ್ ಸರ್. ಅವಳಿಗೆ ಕೆಲಸ ಇದೆ, ಕೈಗೆ ಕಸುಬು ಇದೆ, ಅದು ದೊಡ್ಡ ವಿಷಯ. ಆದರೂ ಕಥೆಯ ದಾರಿ ತೀರ್ಮಾನ ಆಗುವುದು ಅಚ್ಚಪ್ಪನಿಗೆ ಬರುವ ಕರೆಯಿಂದ. ಯುದ್ಧ ಬಂತು, ಅವನು ಹೊರಟ. ಮಗನನ್ನು ಕಳೆದುಕೊಂಡ ಮೇಲೂ ಅವಳು ಕಾಯಬೇಕು. ಕಾಯುವುದೇ ಅವಳ ಪಾತ್ರ.

ಪೆನ್ಶನ್_ಹವಾಲ್ದಾರ

ಕಾಯುವುದು ಅಂದರೆ ಕೈಕಟ್ಟಿ ಕೂರುವುದು ಅಂದುಕೊಂಡಿದ್ದೀರಾ? ನಾನು ಗಡಿಯಲ್ಲಿದ್ದಾಗ ತೋಟ ನೋಡಿಕೊಂಡಿದ್ದು ನನ್ನ ಹೆಂಡತಿ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲ ಅಂದರೆ ಸ್ಪ್ರಿಂಕ್ಲರ್‌ಗೆ ಓಡಾಡಿದವಳು ಅವಳು. ಕಾಫಿ ಕುಯಿಲಿಗೆ ಆಳು ಹೊಂದಿಸಿದ್ದು, ಬಟವಾಡೆ ಮಾಡಿದ್ದು, ಬ್ಯಾಂಕಿನಲ್ಲಿ ನಿಂತಿದ್ದು, ಬೇಲಿ ವಿಷಯಕ್ಕೆ ಪಕ್ಕದ ತೋಟದವರ ಹತ್ತಿರ ಜಗಳ ಆಡಿದ್ದು, ಎಲ್ಲ ಅವಳೇ. ನಾನು ರಜೆಗೆ ಬಂದರೆ ನೆಂಟ ಬಂದ ಹಾಗೆ. 'ಕಾಯುವ ಹೆಂಡತಿ' ಅನ್ನುವುದು ಸಿನಿಮಾದವರ ಲೆಕ್ಕ. ನೀವೂ ಅದನ್ನೇ ಹಿಡಿದು ಮಾತಾಡುತ್ತಿದ್ದೀರಿ.

ಹೂಮಳೆ

ಸರ್, ನಿಮ್ಮ ಹೆಂಡತಿಯ ಕಥೆಯನ್ನು ಯಾರಾದರೂ ಸಿನಿಮಾ ಮಾಡಿದರೆ ಮೊದಲ ಟಿಕೆಟ್ ನನ್ನದು. ನಾನು ಹೇಳುತ್ತಿರುವುದೂ ಅದನ್ನೇ. ಬದುಕಿನಲ್ಲಿ ಅವರು ತೀರ್ಮಾನ ತೆಗೆದುಕೊಳ್ಳುತ್ತಾರೆ, ತೆರೆಯ ಮೇಲೆ ಕಿಟಕಿ ಹತ್ತಿರ ನಿಲ್ಲುತ್ತಾರೆ.

ಮೇಷ್ಟ್ರು (ನಾಪೋಕ್ಲು)

ಸಿನಿಮಾ ಆಯಿತು, ಈಗ ಸ್ವಲ್ಪ ಕಾದಂಬರಿಗೆ ಬನ್ನಿ. ಕೊಡಗಿನವರು ಕೂತು ಮಾತಾಡುವಾಗ 'ಚಿಕವೀರ ರಾಜೇಂದ್ರ' ಬರದಿದ್ದರೆ ಹೇಗೆ? ಕೊಡಗಿನ ಕೊನೆಯ ರಾಜನ ಕಥೆ ಹೇಳುವ ಮಾಸ್ತಿಯವರ ಈ ಕೃತಿ 1956ರದ್ದು. 1983ರ ಜ್ಞಾನಪೀಠ ಬಂದಿದ್ದು ಇದಕ್ಕೇ. ಯಾರನ್ನು ಕೇಳಿದರು, ಯಾರನ್ನು ಕೇಳಲಿಲ್ಲ ಅನ್ನುವ ಹೂಮಳೆ ಅವರ ಪ್ರಶ್ನೆ ಇಲ್ಲಿ ಒಂದು ರಾಜ್ಯದ ಅಳತೆಯಲ್ಲಿ ಬರುತ್ತದೆ.

ರಾಣಿ ಗೌರಮ್ಮನನ್ನೇ ತೆಗೆದುಕೊಳ್ಳಿ. ರಾಜ ಕುಡುಕ, ಅನುಮಾನದವನು, ಕ್ರೂರಿ. ತಂಗಿಯ ಮಗುವನ್ನೇ ಕೊಲ್ಲುವಷ್ಟು. ಅವನನ್ನು ಅಷ್ಟಿಷ್ಟು ತಡೆದು ನಿಲ್ಲಿಸುವ ಶಕ್ತಿ ಇರುವುದು ರಾಣಿಗೆ ಒಬ್ಬಳಿಗೇ. ಆದರೆ ಅವಳಿಗೆ ಅಧಿಕಾರ ಇಲ್ಲ. ಸಮಾಧಾನದ ಮಾತು, ಹೊತ್ತು ನೋಡಿ ಹೇಳುವ ಜಾಣತನ, ತಾಳ್ಮೆ, ಇಷ್ಟೇ ಅವಳ ಆಯುಧ. ಮಂತ್ರಿಗಳು ಸಭೆಯಲ್ಲಿ ಮಾಡಲಾಗದ್ದನ್ನು ಅವಳು ಒಳಮನೆಯಲ್ಲಿ ಮಾಡುತ್ತಾಳೆ. ಹಳೆ ಕಾಲದ ಪತಿವ್ರತೆ ಅಂತ ತಳ್ಳಿಹಾಕಿದವರನ್ನು ನಾನು ಕಂಡಿದ್ದೇನೆ. ನನಗೆ ಒಪ್ಪಿಗೆ ಇಲ್ಲ. ಇಡೀ ಕಾದಂಬರಿಯಲ್ಲಿ ರಾಜ್ಯಭಾರ ಅಂದರೆ ಏನು ಅಂತ ತಿಳಿದಿರುವವಳು ಅವಳೇ.

ಮಾಸ್ತಿ ಮೈಸೂರು ಸರ್ಕಾರದ ಕೆಲಸದಲ್ಲಿ ಇದ್ದವರು. ಅಧಿಕಾರ ಕೆಡುವುದು ಹೇಗೆ ಅಂತ ಒಳಗಿಂದ ನೋಡಿದವರು. ಅದಕ್ಕೇ ರಾಜನನ್ನು ಬರೀ ರಾಕ್ಷಸ ಮಾಡಲಿಲ್ಲ. ತಪ್ಪು ಒಂದೇ ದಿನ ಆಗುವುದಿಲ್ಲ. ಒಬ್ಬ ಹೇಳಲು ಹೆದರುತ್ತಾನೆ, ಇನ್ನೊಬ್ಬ ನಾಳೆ ಹೇಳೋಣ ಅನ್ನುತ್ತಾನೆ, ಮತ್ತೊಬ್ಬ ಹೇಳಿದ್ದನ್ನು ರಾಜ ಕೇಳುವುದಿಲ್ಲ. ಹೀಗೆ ಒಂದು ರಾಜ್ಯ ಕೈಬಿಟ್ಟು ಹೋಗುತ್ತದೆ.

ಕೊನೆಗೆ ಏನಾಯಿತು ಅಂತ ಚರಿತ್ರೆಯಲ್ಲೇ ಇದೆ. 1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯ ಮಡಿಕೇರಿಗೆ ಬಂತು. ಮೇ 7ರಂದು ಕರ್ನಲ್ ಫ್ರೇಸರ್ ಘೋಷಣೆ ಹೊರಡಿಸಿದ. ಕೊಡಗಿನ ಜನರೆಲ್ಲ ಒಕ್ಕೊರಲಿನಿಂದ ಬ್ರಿಟಿಷರ ಆಡಳಿತ ಬಯಸಿದ್ದಾರೆ ಅಂತ ಅದರಲ್ಲಿ ಬರೆಸಿದ. ಜನರೆಲ್ಲ ಅಂತೆ! ಗದ್ದೆ ಉಳುತ್ತಿದ್ದವನನ್ನು ಯಾರು ಕೇಳಿದರು?

ಲೈನ್‌ಮನೆ_ಹುಡುಗ (ಸಿದ್ದಾಪುರ)

ಮೇಷ್ಟ್ರ ಕೊನೆ ಸಾಲು ನನಗೆ ಹಿಡಿಸಿತು. ಒಂದೇ ಮಾತು ಸೇರಿಸುತ್ತೇನೆ. ಇಲ್ಲಿ ಹೆಸರು ಬಂದ ಸಿನಿಮಾಗಳಲ್ಲೆಲ್ಲ ತೋಟ ಇದೆ, ತೋಟದ ಬಂಗಲೆ ಇದೆ. ಕಾಫಿ ಕುಯ್ಯುವವರ ಕಥೆ ಎಲ್ಲಿ? ಆಳುಗಳು ಸಾಲಾಗಿ ಇರುವ ಲೈನ್‌ಮನೆ ಎಲ್ಲಿ? ಎರವರು, ಜೇನುಕುರುಬರಂಥ ಬುಡಕಟ್ಟಿನವರು ಎಲ್ಲಿ? ನಂದಿನಿಯನ್ನು ಕೇಳಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ನಮ್ಮವರಿಗೆ ಪಾತ್ರವೇ ಇಲ್ಲ.

ಹಟ್ಟಿಹೊಳೆ ಅಮ್ಮ

ಸತ್ಯ ಮಗಾ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಪೆನ್ಶನ್_ಹವಾಲ್ದಾರ

ಮೇಷ್ಟ್ರೇ, ಬೋಪಣ್ಣನ ಬಗ್ಗೆ ಹೇಳದೆ ಜಾರಿಕೊಂಡಿರಿ. ದಿವಾನ ಬೋಪಣ್ಣ. ಉಪ್ಪು ತಿಂದ ಮನೆಯ ಬಾಗಿಲನ್ನು ಪರರಿಗೆ ತೆರೆದವನು ಅಂತ ಒಂದು ಪಕ್ಷ. ಜನರನ್ನು ಉಳಿಸಿದವನು ಅಂತ ಇನ್ನೊಂದು. ನಿಮ್ಮದು ಯಾವುದು?

ಮೇಷ್ಟ್ರು

ಜಾರಿಕೊಂಡಿದ್ದಲ್ಲ, ಚಹಾ ಕುಡಿಯಲು ಹೋಗಿದ್ದೆ.

ನಾನು ಕಾದಂಬರಿಯ ಬೋಪಣ್ಣನ ಬಗ್ಗೆ ಮಾತ್ರ ಹೇಳುತ್ತೇನೆ, ಚರಿತ್ರೆಯ ಬೋಪಣ್ಣನ ಜಗಳಕ್ಕೆ ಬೇರೆ ದಿನ ಇಟ್ಟುಕೊಳ್ಳೋಣ. ಮಾಸ್ತಿ ಅವನನ್ನು ನೇರ ಮನುಷ್ಯ ಅಂತ ಬರೆಯುತ್ತಾರೆ. ಮಾನ ಇರುವವನು. ರಾಜನಿಗೆ ನಡೆದುಕೊಳ್ಳಬೇಕೋ, ನಾಡಿಗೆ ನಡೆದುಕೊಳ್ಳಬೇಕೋ ಅನ್ನುವ ಇಕ್ಕಟ್ಟು ಅವನದು. ಇನ್ನೊಬ್ಬ ಮಂತ್ರಿ ಲಕ್ಷ್ಮೀನಾರಾಯಣಯ್ಯನಿಗೂ ಅದೇ ಕಷ್ಟ, ಆದರೆ ಸ್ವಭಾವ ಬೇರೆ. ಅವನದು ತಗ್ಗಿ ನಡೆಯುವ ದಾರಿ. ಬೋಪಣ್ಣನಿಗೆ ತಗ್ಗುವುದು ಬರುವುದಿಲ್ಲ.

ನನ್ನ ಪ್ರಕಾರ ಬೋಪಣ್ಣನ ದುರಂತ ದ್ರೋಹದಲ್ಲಿ ಇಲ್ಲ. ಕೆಟ್ಟ ರಾಜ ಹೋದರೆ ಒಳ್ಳೆಯದು ತಾನಾಗಿ ಬರುತ್ತದೆ ಅಂತ ಅವನು ನಂಬಿದ್ದ. ಬಂದದ್ದು ಕಂಪನಿ. ಮನೆಯ ಇಲಿ ಓಡಿಸಲು ಹಾವನ್ನು ಕರೆದ ಹಾಗಾಯಿತು. ಇಂಥ ಲೆಕ್ಕದಲ್ಲಿ ಬುದ್ಧಿವಂತರೇ ಎಡವುತ್ತಾರೆ. ಮೂರೇ ವರ್ಷ. 1837ರಲ್ಲಿ ಸುಳ್ಯದ ಕಡೆಯಿಂದ ಬಂಡಾಯ ಎದ್ದಿತು. ಅದನ್ನು ನಿರಂಜನರು ಕಾದಂಬರಿಗೆ ತಂದರು, 'ಕಲ್ಯಾಣಸ್ವಾಮಿ'. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿ. ಮಾಸ್ತಿ ಅರಮನೆಯ ಒಳಗಿಂದ ನೋಡುತ್ತಾರೆ, ನಿರಂಜನರು ಬಂಡೆದ್ದ ಜನರ ಕಡೆಯಿಂದ.

ಕಾಡುಮಾವು

ಅರಮನೆ ಅಂದಾಗ ನೆನಪಾಯಿತು. ಚಿಕವೀರರಾಜನ ಮಗಳ ನಿಜ ಜೀವನವೇ ಒಂದು ಕಾದಂಬರಿ. ಗಡೀಪಾರಾದ ರಾಜ ಕಾಶಿಯಲ್ಲಿದ್ದ. ಕಂಪನಿಯಿಂದ ತನ್ನ ಹಣ ಕೇಳಲು 1852ರಲ್ಲಿ ಲಂಡನ್‌ಗೆ ಹೋದ. ಜೊತೆಗೆ ಮಗಳು, ಅವಳ ಹೆಸರೂ ಗೌರಮ್ಮ. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆ ಆಯಿತು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿ, ಹೆಸರು ವಿಕ್ಟೋರಿಯಾ ಗೌರಮ್ಮ. ಚಿಕ್ಕ ಹುಡುಗಿ. 1864ರಲ್ಲಿ ತೀರಿಹೋದಳು. ಅಪ್ಪನ ಲೆಕ್ಕ ಒಂದು, ವಿಕ್ಟೋರಿಯಾ ರಾಣಿಯ ಲೆಕ್ಕ ಒಂದು. ಅಕ್ಕಾ, ನಿಮ್ಮ ಪ್ರಶ್ನೆ ಅಲ್ಲಿಗೂ ಹೋಗುತ್ತದೆ. ಈ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಪ್ರೀತಮ್ ವಿಷಯದಲ್ಲಿ ಇನ್ನೂ ಇಲ್ಲ.

ಹಟ್ಟಿಹೊಳೆ ಅಮ್ಮ

'ಎಡಕಲ್ಲು ಗುಡ್ಡದ ಮೇಲೆ' ಯಾರೂ ಎತ್ತಲಿಲ್ಲವಲ್ಲ! ಆ ಕಾದಂಬರಿ ಬರೆದ ಭಾರತೀಸುತರು ನಮ್ಮ ಕೊಡಗಿನವರು. ಕಥೆ ನಡೆಯುವುದು ಪಕ್ಕದ ವಯನಾಡಿನಲ್ಲಿ. 1973ರಲ್ಲಿ ಪುಟ್ಟಣ್ಣ ಸಿನಿಮಾ ಮಾಡಿದರು. ಜಯಂತಿ ಮಾಡಿದ ಮಾಧವಿ ಪಾತ್ರ. ಗಂಡ ಸೇನೆಯವನು. ಯುದ್ಧದಲ್ಲಿ ಆದ ಪೆಟ್ಟಿನಿಂದ ದಾಂಪತ್ಯ ಸುಖ ಇಬ್ಬರಿಗೂ ಇಲ್ಲ. ಅಲ್ಲಿಗೆ ನಂಜುಂಡ ಅನ್ನುವ ಹುಡುಗ ಬರುತ್ತಾನೆ. ಅವಳ ಮನಸ್ಸು ಅವನ ಕಡೆ ವಾಲುತ್ತದೆ.

ಹೂಮಳೆ, ನಿನ್ನ ವಾದಕ್ಕೆ ಇದು ಬೇಕು. ನಂದಿನಿ ತಾನಾಗಿ ಏನೂ ತೀರ್ಮಾನ ಮಾಡಲಿಲ್ಲ, ಅವಳಿಗೆ ಮಂಟಪ ಸಿಕ್ಕಿತು. ಮಾಧವಿ ತನ್ನ ಆಸೆಗೆ ತಾನೇ ಹೆಸರಿಟ್ಟಳು, ಅವಳಿಗೆ ದುರಂತ ಸಿಕ್ಕಿತು. ಆದರೂ ಒಂದು ಮಾತು ಹೇಳಬೇಕು. ಕಥೆ ಅವಳನ್ನು ಶಿಕ್ಷಿಸಿದರೂ ಕ್ಯಾಮೆರಾ ಅವಳನ್ನು ಬಿಟ್ಟುಕೊಡುವುದಿಲ್ಲ. ಅವಳ ಒಂಟಿತನದ ಹತ್ತಿರ ಹೋಗಿ ಕೂರುತ್ತದೆ. ಥಿಯೇಟರಿನಲ್ಲಿ ಮೂಗು ಮುರಿದ ಹೆಂಗಸರೂ ಮನೆಗೆ ಬಂದು ಸುಮ್ಮನೆ ಇದ್ದರು. ಅದು ನಿರ್ದೇಶಕನ ಗೆಲುವು.

ಮೇಷ್ಟ್ರು

ಅಮ್ಮ ಹೇಳಿದ್ದು ಸರಿ. ಇದಕ್ಕೆ ಇನ್ನೊಂದು ಮುಖ ಇದೆ. ಕೊಡವರಲ್ಲಿ ವಿಧವೆಯರ ಮರುಮದುವೆ ಹಿಂದಿನಿಂದಲೂ ಇತ್ತು. ಮದುವೆಗೆ ಪುರೋಹಿತರು ಬೇಡ, ಹಿರಿಯರು ಸಾಕು. 'ಸಂಬಂಧ ಅಡುಕುವ', ಅಂದರೆ ನಂಟು ಬೆಸೆಯುವ ಹೊತ್ತಿನಲ್ಲಿ ಎರಡೂ ಕಡೆಯ ಅರುವರು (ಮನೆಯ ಪರವಾಗಿ ಮಾತಾಡುವವರು) ಎದುರುಬದುರು ನಿಲ್ಲುತ್ತಾರೆ. ಹೋದ ಮನೆಯಲ್ಲಿ ಹೆಣ್ಣಿಗೆ ಏನೇನು ಹಕ್ಕು ಅಂತ ಎಲ್ಲರ ಮುಂದೆ ಬಾಯಿಬಿಟ್ಟು ಹೇಳುತ್ತಾರೆ. ಹಾಗಂತ ಇಲ್ಲಿ ಹೆಣ್ಣುಮಕ್ಕಳು ಸ್ವರ್ಗದಲ್ಲಿದ್ದರು ಅಂತಲ್ಲ. ಆದರೆ ಇಂಥ ಪದ್ಧತಿ ಇರುವ ನೆಲದ ಮೇಲೆ ಕಥೆ ಹೂಡುವವರು ಇದನ್ನು ಮುಟ್ಟುವುದೇ ಇಲ್ಲ. ಬಯಲುಸೀಮೆಯ ಮದುವೆ ತಂದು ಮಂಜಿನಲ್ಲಿ ನಿಲ್ಲಿಸುತ್ತಾರೆ. ಗೌಡರ ಮನೆ ಮದುವೆಯೋ, ಕೊಡವರ ಮನೆ ಮದುವೆಯೋ ಅನ್ನುವುದೂ ಗೊತ್ತಾಗುವುದಿಲ್ಲ.

ಲೈನ್‌ಮನೆ_ಹುಡುಗ

ಮಂಜು ಅಂದಿರಿ. 2008ರ 'ಗಾಳಿಪಟ'ದ ಮೇಲೆ ಮಾಂದಲಪಟ್ಟಿಗೆ ಜೀಪಿನ ಸಾಲು ನೋಡಿದ್ದೀರಲ್ಲ. ಪಾತ್ರ ಯಾವುದೂ ನೆನಪಿಲ್ಲದವರಿಗೂ ಬೆಟ್ಟ ನೆನಪಿದೆ.

ಮಳೆಯೂ ಅಷ್ಟೇ. ಸಿನಿಮಾದ ಮಳೆಗೆ ಒಂದೇ ಕೆಲಸ, ಇಬ್ಬರನ್ನು ಒಂದೇ ಸೂರಿನ ಕೆಳಗೆ ತರುವುದು. ನಮ್ಮ ಮಳೆಗೆ ಬೇರೆ ಕೆಲಸ ಇದೆ. ಕಾಫಿ ಕಾಯಿ ಉದುರಿಸುತ್ತದೆ, ಕೊಳೆರೋಗ ತರುತ್ತದೆ, ಕರೆಂಟು ತೆಗೆಯುತ್ತದೆ, ಕೂಲಿ ನಿಲ್ಲಿಸುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡವೇ ಮನೆಗಳ ಮೇಲೆ ಬಂತು. ಆ ವರ್ಷದ ಮೇಲೆ ಟಿವಿಯಲ್ಲಿ ಆ ಮಳೆ ಹಾಡುಗಳು ಬಂದರೆ ನಮ್ಮಮ್ಮ ಚಾನೆಲ್ ಬದಲಾಯಿಸುತ್ತಾರೆ. ಹಾಡಿನ ಮೇಲೆ ಕೋಪ ಏನಿಲ್ಲ, ನೋಡಲು ಆಗುವುದಿಲ್ಲ, ಅಷ್ಟೇ.

ಕಾಡುಮಾವು

ಆದರೂ 'ಮುಂಗಾರು ಮಳೆ'ಯಲ್ಲಿ ಮಳೆಗೆ ಒಂದು ಅರ್ಥ ಇದೆ. ಮಳೆ ಇರುವಷ್ಟು ದಿನ ಪ್ರೀತಮ್‌ಗೆ ರಜೆ. ಮಳೆ ನಿಂತರೆ ಮದುವೆ, ಮದುವೆ ಆದರೆ ಅವನು ಹೊರಡಬೇಕು. ಅದು ಕಥೆಯ ಗಡಿಯಾರ. ನಿನ್ನ ಅಮ್ಮನ ಮಳೆ ಬೇರೆ, ಒಪ್ಪುತ್ತೇನೆ.

ಹೂಮಳೆ

ಇನ್ನು ಕಾದಂಬರಿ ಓದದವರು ಈ ಪೋಸ್ಟ್ ದಾಟಿ ಹೋಗಿ, ಗುಟ್ಟು ಹೊರಬರುತ್ತದೆ.

ಮೇಷ್ಟ್ರೇ, ನಿಮ್ಮ ಪೋಸ್ಟ್ ಓದಿದ ಮೇಲೆ ಚಿಕವೀರ ರಾಜೇಂದ್ರವನ್ನು ಮತ್ತೆ ತೆಗೆದು ಕೂತೆ. ನೀವು ರಾಣಿ ಗೌರಮ್ಮ, ಬೋಪಣ್ಣ ಅಂದಿರಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕುಂಟ ಬಸವ. ರಾಜನ ಎಲ್ಲ ಕೆಟ್ಟ ಕೆಲಸಕ್ಕೂ ಅವನೇ ಕೈ. ಊರಿಗೆಲ್ಲ ಅವನನ್ನು ಕಂಡರೆ ಹೇಸಿಗೆ, ಭಯ. ರಾಜನನ್ನು ಕೆಡಿಸಿದವನು ಅಂತ ಎಲ್ಲರೂ ಅವನ ಕಡೆ ಬೆರಳು ತೋರಿಸುತ್ತಾರೆ. ಕಥೆ ತುಂಬಾ ಮುಂದೆ ಹೋದ ಮೇಲೆ ಗೊತ್ತಾಗುತ್ತದೆ: ಭಗವತಿ ಅನ್ನುವ ಹೆಂಗಸು ಅವನ ತಾಯಿ, ಅವನು ರಾಜನ ಅಪ್ಪ ಲಿಂಗರಾಜನ ಮಗ. ಅಂದರೆ ತಾನು ಯಾರ ಕಾಲು ಒತ್ತುತ್ತಿದ್ದನೋ ಅವನಿಗೇ ಅಣ್ಣತಮ್ಮ.

ಅಪ್ಪ ಯಾರು ಅಂತ ಯಾರೂ ಹೇಳಲಿಲ್ಲ. ಅರಮನೆಯಲ್ಲೇ ಬೆಳೆದ, ಆಳಾಗಿ ಬೆಳೆದ. ಅವನ ನೀಚತನಕ್ಕೆ ನಾನು ವಕಾಲತ್ತು ಹಾಕುತ್ತಿಲ್ಲ. ಆದರೆ ರಾಜನ ಮೇಲೆ ಅವನಿಗೆ ಇರುವ ನಿಷ್ಠೆ ಇದೆಯಲ್ಲ, ಅದು ಬರೀ ಆಳಿನ ನಿಷ್ಠೆ ಅಂತ ಈ ಸಲ ಓದುವಾಗ ಅನಿಸಲಿಲ್ಲ. ಎಲ್ಲರೂ ರಾಜನನ್ನು ಬಿಟ್ಟುಹೋಗುವ ಪುಸ್ತಕದಲ್ಲಿ ಇವನಿಗೆ ಬೇರೆ ಯಾರೂ ಇಲ್ಲ.

ಪೆನ್ಶನ್_ಹವಾಲ್ದಾರ

ಬಸವನಿಗೆ ಮೊದಲೇ ಹೇಳಿದ್ದರೆ? ತಾಯಿಗೆ ಅವನನ್ನು ಸಿಂಹಾಸನದ ಮೇಲೆ ನೋಡುವ ಆಸೆ. ಆಗ ಅವನೇ ರಾಜನನ್ನು ಮುಗಿಸುತ್ತಿದ್ದನೇನೋ.

ಹೂಮಳೆ

ಇರಬಹುದು. ಆಗ ಮಾಡಿದ್ದು ಅವನ ತಲೆಗೇ ಬರುತ್ತಿತ್ತು, ಒಳ್ಳೆಯದಾಗಲಿ ಕೆಟ್ಟದ್ದಾಗಲಿ. ನಂದಿನಿಗೂ ನಾನು ಕೇಳುವುದು ಅಷ್ಟೇ.

ಕಾಡುಮಾವು

ಕುಂಟ ಬಸವನನ್ನೂ ನಂದಿನಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಕರ್ನಾಟಕದಲ್ಲಿ ನೀವೇ ಮೊದಲು ಅಕ್ಕಾ. ಸರಿ, ನಂದಿನಿಗೆ ಹೇಳಬೇಕಿತ್ತು. ಆದರೆ ಹೇಳುವ ಕೆಲಸ ಕರ್ನಲ್‌ದು, ಪ್ರೀತಮ್‌ದಲ್ಲ. ಅಪ್ಪ ಮಗಳಿಗೆ ಮುಚ್ಚಿಟ್ಟ ಗುಟ್ಟನ್ನು ನೆಂಟನಾಗಿ ಬಂದವನು ಹೇಗೆ ಬಿಚ್ಚಿಡುತ್ತಾನೆ? ಬೈಯುವುದಿದ್ದರೆ ಸುಬ್ಬಯ್ಯನವರನ್ನು ಬೈಯಿರಿ.

ಪೆನ್ಶನ್_ಹವಾಲ್ದಾರ

ಅದನ್ನು ನಾನು ಒಪ್ಪುತ್ತೇನೆ. ಗುಂಡಿಗೆ ಎದೆ ಕೊಡುವವರೆಲ್ಲ ಮನೆಯಲ್ಲಿ ಡಾಕ್ಟರ್ ಚೀಟಿ ಮುಚ್ಚಿಡುವವರೇ. ನನ್ನ ಬಿಪಿ ಮಾತ್ರೆ ವಿಷಯ ಮಗಳಿಗೆ ಗೊತ್ತಾಗಿದ್ದು ಮೆಡಿಕಲ್ ಶಾಪಿನವನಿಂದ. ಎರಡು ದಿನ ಮಾತು ಬಿಟ್ಟಿದ್ದಳು.

ಹೂಮಳೆ

ನೋಡಿ, ನಿಮ್ಮ ಮಗಳಿಗೆ ಕೋಪ ಮಾಡಿಕೊಳ್ಳುವ ಅವಕಾಶವಾದರೂ ಸಿಕ್ಕಿತು. ಕಾಡುಮಾವು, ಕರ್ನಲ್ ಮೇಲೆ ಅರ್ಧ ತಪ್ಪು ಹಾಕಲು ನಾನು ತಯಾರ್. ಉಳಿದ ಅರ್ಧ ಪ್ರೀತಮ್‌ದೇ. ಗುಟ್ಟು ಬಿಚ್ಚಿಡುವುದು ಬೇಡ, 'ನಿನ್ನ ಅಪ್ಪನ ಹತ್ತಿರ ಒಂದು ಸಲ ಕೂತು ಮಾತಾಡು' ಅಂತ ಅಷ್ಟಾದರೂ ಹೇಳಬಹುದಿತ್ತು. ಅಷ್ಟು ಮಾತಾಡುವ ಹುಡುಗನಿಗೆ ಆ ಒಂದು ಸಾಲು ಸಿಗಲಿಲ್ಲ.

ಲೈನ್‌ಮನೆ_ಹುಡುಗನಿಗೆ: ನೀನು ಎತ್ತಿದ ವಿಷಯ ಈ ಜಗಳದಲ್ಲಿ ಮುಳುಗಿಹೋಗುವುದು ಬೇಡ. ಬೇರೆ ಚರ್ಚೆ ಶುರುಮಾಡು. ತೋಟದ ಕೆಲಸದವರ ಬದುಕು ಬಂದಿರುವ ಕನ್ನಡ ಕಥೆ, ಕಾದಂಬರಿ ಯಾವುದಿದೆ ಅಂತ ಎಲ್ಲರೂ ಅಲ್ಲಿ ಬರೆಯಲಿ. ಮೇಷ್ಟ್ರು ಚಹಾಕ್ಕೆ ಹೋಗುವ ಮೊದಲೇ ಅವರನ್ನು ಹಿಡಿ.